ಗೇರ್ ಎಣ್ಣೆಗೂ ಒಂದು ಪುಟ ಕನ್ನಡ ಬೇಕು

ನಮ್ಮ ನಾರ್ವ, ಮಕ್ತಲ್, ಗದ್ವಾಲ ಕಡೆ ಹತ್ತಿ ಬಿಡಿಸುವ ಕಾಲ ಬಂತೆಂದರೆ ರಸ್ತೆ ತುಂಬ ಪಿಕಪ್ ಗಾಡಿಗಳು. ಬೆಳಿಗ್ಗೆ ಕೂಲಿಯವರನ್ನು ಹೊಲಕ್ಕೆ ಮುಟ್ಟಿಸುವುದೂ ಅವೇ, ಮಧ್ಯಾಹ್ನ ಗೊಬ್ಬರ ತರುವುದೂ ಅವೇ, ರಾತ್ರಿ ಹತ್ತಿ ಹೇರಿಕೊಂಡು ರಾಯಚೂರು ಮಾರುಕಟ್ಟೆಯ ದಾರಿ ಹಿಡಿಯುವುದೂ ಅವೇ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಎಷ್ಟೋ ಮಕ್ಕಳ ಮನೆ ನಡೆಯುವುದು ಇಂಥ ಒಂದು ಗಾಡಿಯ ಮೇಲೆ. ಗಾಡಿ ನಾಲ್ಕು ದಿನ ನಿಂತರೆ ಬಾಡಿಗೆ ನಿಲ್ಲುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹೀಗಿದ್ದೂ ಆ ಗಾಡಿಯ ಗೇರ್ ಎಣ್ಣೆಯನ್ನು ಯಾವಾಗ, ಹೇಗೆ ಬದಲಿಸಬೇಕು ಎಂದು ಮಕ್ಕಳು ಓದುವ ಭಾಷೆಯಲ್ಲಿ ಬರೆದ ಒಂದು ಪುಟ ಆ ಮನೆಗಳಲ್ಲಿ ಇರುವುದಿಲ್ಲ. ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೀಲದ ಸಮೇತ ಹಾಗೇ ಬಿದ್ದಿರುತ್ತದೆ.

"ಕನ್ನಡ ಓದಿದ್ರ ಮುಂದ ಏನ್ ಮಾಡ್ತಾನ್ರೀ ಸರ್? ಗಾಡಿ ಕೆಲ್ಸಾ ಕಲೀಬೇಕಂದ್ರೂ ಎಲ್ಲಾ ಇಂಗ್ಲೀಷ್‌ನಾಗೇ ಇರ್ತೈತಲ್ಲ" ಎಂದು ಪಾಲಕರು ಕೇಳುತ್ತಾರೆ. ದಾಖಲಾತಿಯ ದಿನಗಳಲ್ಲಿ ಮನೆಮನೆಗೆ ಹೋಗುವ ನಮ್ಮಂಥ ಶಿಕ್ಷಕರಿಗೆ ಈ ಪ್ರಶ್ನೆ ಹೊಸದೇನಲ್ಲ. ಇದಕ್ಕೆ ನಾವು ಭಾಷಾಭಿಮಾನದ ಭಾಷಣದಿಂದ ಉತ್ತರ ಕೊಡುತ್ತ ಬಂದರೆ ಶಾಲೆ ಉಳಿಯುವುದಿಲ್ಲ. ಪಾಲಕರು ಕೇಳುತ್ತಿರುವುದು ಕೆಲಸದ ಪ್ರಶ್ನೆ, ಉತ್ತರವೂ ಕೆಲಸದ್ದೇ ಆಗಿರಬೇಕು. ಮನೆಯ ಅನ್ನದ ಕೆಲಸವನ್ನು ಕನ್ನಡದಲ್ಲಿ ಬರೆದು ಮಕ್ಕಳ ಕೈಗೆ ಕೊಡುವುದು ಕನ್ನಡ ಶಾಲೆಯ ಕರ್ತವ್ಯ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಊರುಗಳ ಭಾಷೆಯ ಸ್ಥಿತಿ ಓದುಗರಿಗೆ ಗೊತ್ತೇ ಇದೆ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಅದರಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದಲ್ಲಿ ಉಳಿದವು. 2014ರಲ್ಲಿ ತೆಲಂಗಾಣವಾಯಿತು, 2019ರಲ್ಲಿ ನಾರಾಯಣಪೇಟ ಜಿಲ್ಲೆಯಾಯಿತು. ಗಡಿಗಳು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಸೌಲಭ್ಯವಿದ್ದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ. ಕಲಿತದ್ದು ಕೈಗೆ ಹತ್ತಬೇಕು.

ಗಾಡಿ ಕೆಲಸಕ್ಕೆ ಕನ್ನಡದಲ್ಲಿ ಶಬ್ದಗಳಿಲ್ಲ ಎನ್ನುವವರು ಒಮ್ಮೆ ನಮ್ಮ ಕಡೆಯ ಗ್ಯಾರೇಜಿನಲ್ಲಿ ಅರ್ಧ ತಾಸು ನಿಲ್ಲಬೇಕು. ಅಲ್ಲಿ ಮಿಸ್ತ್ರಿ ಪಾನಾ ಕೇಳುತ್ತಾನೆ, ಬೋಲ್ಟು ಸಡಿಲ ಮಾಡುತ್ತಾನೆ, ವಾಶರ್ ಹೊಸದು ಹಾಕುತ್ತಾನೆ. ಕನ್ನಡ, ತೆಲುಗು, ದಖನಿ ಮೂರೂ ಕೂಡಿದ ಆ ಮಾತಿನಲ್ಲಿ ಇಡೀ ಗೇರ್‌ಬಾಕ್ಸ್ ಬಿಚ್ಚಿ ಮತ್ತೆ ಕೂಡಿಸುತ್ತಾನೆ. ಶಬ್ದಗಳಿಗೇನೂ ಕೊರತೆಯಿಲ್ಲ. ಬರೆದಿಟ್ಟವರು ಕಡಿಮೆ, ಅಷ್ಟೇ. ಇತ್ತ ನಮ್ಮ ವಿಜ್ಞಾನದ ಪಾಠದಲ್ಲಿ ಘರ್ಷಣೆ, ಸ್ನಿಗ್ಧತೆ, ಕೀಲೆಣ್ಣೆ ಎಂಬ ಒಳ್ಳೆಯ ಶಬ್ದಗಳಿವೆ. ಮಕ್ಕಳು ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಗ್ಯಾರೇಜಿನ ಶಬ್ದ ಮತ್ತು ಪುಸ್ತಕದ ಶಬ್ದ ಒಂದೇ ಹಾಳೆಯ ಮೇಲೆ ಕೂಡಿದರೆ ಸಾಕು, ಪಾಠ ತಾನಾಗಿಯೇ ಹುಟ್ಟುತ್ತದೆ.

ಹೇಳುವುದು ಸುಲಭ, ಬರೆದು ತೋರಿಸಿ ಎನ್ನುತ್ತೀರಾ? ಆಗಲಿ. ನಾವು ಮಾಸ್ತರರು, ಮಿಸ್ತ್ರಿಗಳಲ್ಲ. ಆದರೂ ತಿಳಿದವರನ್ನು ಕೇಳಿ, ಪುಸ್ತಕ ನೋಡಿ ಬರೆದರೆ ಆ ಪುಟ ಸುಮಾರು ಹೀಗಿರುತ್ತದೆ.

ನಮ್ಮ ಕಡೆಯ ಪಿಕಪ್‌ಗಳು ಬಹುಪಾಲು ಕೈಯಿಂದ ಗೇರ್ ಹಾಕುವಂಥವು. ಅವುಗಳ ಗೇರ್‌ಬಾಕ್ಸಿನಲ್ಲಿ ಸಾಮಾನ್ಯವಾಗಿ ಎರಡು ಲೀಟರಿನ ಆಸುಪಾಸು ಎಣ್ಣೆ ಹಿಡಿಯುತ್ತದೆ. ಎಷ್ಟು, ಯಾವುದು, ಎಷ್ಟು ಕಿಲೋಮೀಟರಿಗೆ ಎಂಬ ಮೂರನ್ನೂ ಗಾಡಿಯ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಡಬ್ಬಿಯ ಮೇಲೆ 80ಡಬ್ಲ್ಯೂ-90 ಎಂದಿದ್ದರೆ ಅದು ಸ್ನಿಗ್ಧತೆಯ, ಅಂದರೆ ಎಣ್ಣೆಯ ಮಂದದ ಗುರುತು. ಗೇರ್ ಎಣ್ಣೆಯ 90 ಮತ್ತು ಎಂಜಿನ್ ಎಣ್ಣೆಯ 40 ಒಂದೇ ಅಳತೆಗೋಲಿನವಲ್ಲ, ಆದ್ದರಿಂದ ಇದು ಅದರ ಎರಡು ಪಟ್ಟು ಮಂದ ಎಂದು ಲೆಕ್ಕ ಹಾಕಬಾರದು. ಜಿಎಲ್-4, ಜಿಎಲ್-5 ಎಂಬುದು ಹಲ್ಲುಗಳ ಮೇಲಿನ ಒತ್ತಡ ತಡೆಯುವ ಗುಣದ ಗುರುತು. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು ಎಂದು ಎಲ್ಲ ಕಡೆ ಸುರಿಯುವಂತಿಲ್ಲ. ಕೆಲವು ಜಿಎಲ್-5 ಎಣ್ಣೆಗಳಲ್ಲಿರುವ ಗಂಧಕದ ಮಿಶ್ರಣ ಗೇರ್‌ಬಾಕ್ಸಿನೊಳಗಿನ ಹಿತ್ತಾಳೆ ಉಂಗುರಗಳನ್ನು ತಿನ್ನಬಲ್ಲದು. ಹಿಂದಿನ ಹೌಸಿಂಗಿಗೆ ಹೇಳಿದ ಎಣ್ಣೆ ಹೌಸಿಂಗಿಗೆ, ಗೇರ್‌ಬಾಕ್ಸಿಗೆ ಹೇಳಿದ್ದು ಗೇರ್‌ಬಾಕ್ಸಿಗೆ.

ಎಣ್ಣೆ ಚೆನ್ನಾಗಿ ಇಳಿಯಲು ಗಾಡಿಯನ್ನು ಸ್ವಲ್ಪ ದೂರ ಓಡಿಸಿ ತರಬೇಕು. ಕೈ ಸುಡುವಷ್ಟು ಬಿಸಿ ಬೇಡ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಪಿಕಪ್ ಎತ್ತರದ ಗಾಡಿ, ಕೆಳಗೆ ಮಲಗಿದರೆ ಕೈ ಎಟಕುತ್ತದೆ. ಜಾಕ್ ಏರಿಸಿ ಅದರ ಮೇಲೆಯೇ ನಂಬಿಕೆಯಿಟ್ಟು ಕೆಳಗೆ ಹೋಗುವುದು ಜೀವಕ್ಕೆ ಅಪಾಯ. ಗಾಡಿ ಓರೆಯಾಗಿ ಎಣ್ಣೆಯ ಅಳತೆಯೂ ತಪ್ಪುತ್ತದೆ.

ಗೇರ್‌ಬಾಕ್ಸಿಗೆ ಎರಡು ಬೋಲ್ಟು. ತಳದಲ್ಲಿರುವುದು ಎಣ್ಣೆ ಇಳಿಸಲು, ಪಕ್ಕದಲ್ಲಿ ಮೇಲಿರುವುದು ತುಂಬಲು. ಇಲ್ಲಿ ಒಂದು ಮಾತನ್ನು ದೊಡ್ಡಕ್ಷರದಲ್ಲಿ ಬರೆಯಬೇಕು: ಮೊದಲು ಸಡಿಲ ಮಾಡಬೇಕಾದದ್ದು ಮೇಲಿನ, ತುಂಬುವ ಬೋಲ್ಟನ್ನು. ವರ್ಷಗಟ್ಟಲೆ ಬಿಚ್ಚದ ಆ ಬೋಲ್ಟು ಜಂಗು ಹಿಡಿದು ಕೂತಿದ್ದರೆ ಕೆಳಗಿನಿಂದ ಎಣ್ಣೆಯೆಲ್ಲ ಇಳಿಸಿದ ಮೇಲೆ ತುಂಬಲು ದಾರಿಯೇ ಇರುವುದಿಲ್ಲ! ಗಾಡಿ ಅಂಗಳದಲ್ಲಿ, ಗ್ಯಾರೇಜು ಮಕ್ತಲ್‌ನಲ್ಲಿ. ಆಮೇಲೆ ಅಗಲ ಬುಟ್ಟಿ ಇಟ್ಟು ತಳದ ಬೋಲ್ಟು ಬಿಚ್ಚಬೇಕು. ಅನೇಕ ಗಾಡಿಗಳಲ್ಲಿ ಆ ಬೋಲ್ಟಿನ ತುದಿಗೆ ಅಯಸ್ಕಾಂತವಿರುತ್ತದೆ. ಅದಕ್ಕೆ ನುಣ್ಣನೆಯ ಕಪ್ಪು ರಾಡಿ ಹತ್ತಿದ್ದರೆ ಅದು ಸಹಜ ಸವೆತ. ಕೈಗೆ ಹತ್ತುವ ಚೂರು, ಹಲ್ಲಿನ ತುಣುಕು ಕಂಡರೆ ಎಣ್ಣೆ ಬದಲಿಸಿ ಸುಮ್ಮನಿರುವ ಮಾತಲ್ಲ, ಮಿಸ್ತ್ರಿಗೆ ತೋರಿಸಬೇಕು. ಬೋಲ್ಟು ಒರೆಸಿ, ಹೊಸ ವಾಶರ್ ಹಾಕಿ ಬಿಗಿದು, ಮೇಲಿನ ತೂತಿನಿಂದ ಪಂಪು ಅಥವಾ ಉದ್ದ ನಳಿಕೆಯಿಂದ ಹೊಸ ಎಣ್ಣೆ ತುಂಬಬೇಕು. ಸಾಮಾನ್ಯವಾಗಿ ಅದು ಆ ತೂತಿನ ಅಂಚಿಗೆ ಬಂದು ಜಿನುಗತೊಡಗಿದಾಗ ಅಳತೆ ಸರಿ. ತಾರೀಖು ಮತ್ತು ಕಿಲೋಮೀಟರ್ ಬರೆದಿಟ್ಟರೆ ಕೆಲಸ ಮುಗಿಯಿತು.

ಇನ್ನು ತಾನಾಗಿಯೇ ಗೇರ್ ಬದಲಿಸುವ ಆಟೋಮ್ಯಾಟಿಕ್ ಗಾಡಿಗಳು. ನಮ್ಮ ಊರುಗಳಲ್ಲಿ ಇಂಥ ಪಿಕಪ್ ಅಪರೂಪ. ಆದರೆ ನಮ್ಮ ಹುಡುಗರು ಡ್ರೈವರ್ ಕೆಲಸಕ್ಕೆ ಹೈದರಾಬಾದ್, ಬೆಂಗಳೂರು, ಕೊಲ್ಲಿ ದೇಶಗಳಿಗೂ ಹೋಗುತ್ತಾರೆ, ಅಲ್ಲಿ ಇದು ಎದುರಾಗುತ್ತದೆ. ಇದರ ಎಣ್ಣೆಗೆ ಎಟಿಎಫ್ ಎನ್ನುತ್ತಾರೆ, ಹೊಸದಿದ್ದಾಗ ಸಾಮಾನ್ಯವಾಗಿ ಕೆಂಪು ಬಣ್ಣ. 1939ರಲ್ಲಿ ಅಮೆರಿಕೆಯ ಜನರಲ್ ಮೋಟರ್ಸ್ ಕಂಪನಿ ಓಲ್ಡ್ಸ್‌ಮೊಬೈಲ್ ಕಾರಿಗೆ ಇಂಥ ಗೇರ್‌ಬಾಕ್ಸ್ ಕೂಡಿಸಿ ಮಾರಾಟಕ್ಕೆ ತಂದಾಗಿನಿಂದ ಈ ಎಣ್ಣೆಯದೇ ಒಂದು ಶಾಸ್ತ್ರ ಬೆಳೆದಿದೆ. ಇದು ಕೀಲೆಣ್ಣೆಯಷ್ಟೇ ಅಲ್ಲ. ಎಂಜಿನಿನ ಬಲವನ್ನು ದಾಟಿಸುವುದೂ, ಒಳಗಿನ ಕ್ಲಚ್ ಬಿಲ್ಲೆಗಳನ್ನು ಒತ್ತಿ ಹಿಡಿಯುವುದೂ ಇದೇ ಎಣ್ಣೆ. ಬಿಲ್ಲೆಗಳು ಜಾರಬೇಕಾದಾಗ ಜಾರಬೇಕು, ಹಿಡಿಯಬೇಕಾದಾಗ ಹಿಡಿಯಬೇಕು. ಈ ಹದಕ್ಕಾಗಿ ಒಂದು ಕಾಲಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕೆಯಲ್ಲಿ ತಿಮಿಂಗಿಲದ ರಕ್ಷಣೆಗೆ ಕಾನೂನು ಬಂದ ಮೇಲೆ ಬೇರೆ ಮಿಶ್ರಣ ಹುಡುಕಬೇಕಾಯಿತು. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಆಟೋಮ್ಯಾಟಿಕ್‌ನಲ್ಲಿ ತಳದ ಬೋಲ್ಟು ಬಿಚ್ಚಿದರೆ ಎಲ್ಲ ಎಣ್ಣೆ ಇಳಿಯುವುದಿಲ್ಲ. ಟಾರ್ಕ್ ಕನ್ವರ್ಟರ್ ಎಂಬ ಭಾಗದಲ್ಲಿ ಬಹಳಷ್ಟು ಉಳಿಯುತ್ತದೆ, ಅರ್ಧಕ್ಕಿಂತ ಕಡಿಮೆ ಇಳಿಯುವುದೇ ಹೆಚ್ಚು. ಆದ್ದರಿಂದ ಇಳಿದದ್ದನ್ನು ಅಳೆದು ಅಷ್ಟೇ ಹಾಕಬೇಕು. ಕೊನೆಯ ಅಳತೆಯನ್ನು ಪುಸ್ತಕ ಹೇಳಿದ ಉಷ್ಣತೆಯಲ್ಲಿ, ಪುಸ್ತಕ ಹೇಳಿದ ಕ್ರಮದಲ್ಲಿಯೇ ನೋಡಬೇಕು. ಎಷ್ಟೋ ಗಾಡಿಗಳಿಗೆ ಅಳತೆಯ ಕಡ್ಡಿಯೂ ಇರುವುದಿಲ್ಲ. ಹೆಚ್ಚಾದರೂ ಕೆಡುಕು, ಕಡಿಮೆಯಾದರೂ ಕೆಡುಕು. ಕೈಗೇರಿನ ಕೆಲಸವನ್ನು ಮನೆಯಲ್ಲಿ ಧೈರ್ಯವಾಗಿ ಮಾಡಬಹುದು, ಆಟೋಮ್ಯಾಟಿಕ್‌ನದನ್ನು ಪುಸ್ತಕವೂ ಉಷ್ಣತೆ ಅಳೆಯುವ ಸಾಧನವೂ ಇಲ್ಲದೆ ಮುಟ್ಟಬಾರದು ಎಂದು ನಾವು ಹೇಳುತ್ತೇವೆ. ವಾರಂಟಿ ಇರುವ ಗಾಡಿಯಾದರೆ ಎರಡನ್ನೂ ಷೋರೂಮಿಗೇ ಬಿಡುವುದು ಲೇಸು.

ಪುಟದ ಕೊನೆಗೆ ಹಳೆ ಎಣ್ಣೆಯ ಮಾತು ಇರಲೇಬೇಕು. ನಮ್ಮಲ್ಲಿ ಅದನ್ನು ಚರಂಡಿಗೆ ಸುರಿಯುತ್ತಾರೆ, ಗೆದ್ದಲಿಗೆಂದು ಬಾಗಿಲಿಗೆ ಬಳಿಯುತ್ತಾರೆ, ಸೆಂಟ್ರಿಂಗ್ ಹಲಗೆಗೆ ಸವರುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ವಸ್ತು. ಎಣ್ಣೆ ತಯಾರಕರೇ ಹಳೆ ಎಣ್ಣೆಯ ಮರುಬಳಕೆಗೆ ಹೊಣೆಯಾಗಬೇಕೆಂಬ ನಿಯಮವೂ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದು ಗ್ಯಾಲನ್ ಹಳೆ ಎಣ್ಣೆ ಹತ್ತು ಲಕ್ಷ ಗ್ಯಾಲನ್ ನೀರನ್ನು ಕೆಡಿಸಬಲ್ಲದು ಎಂದು ಅಮೆರಿಕೆಯ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಕೃಷ್ಣೆ ಮತ್ತು ಬೋರ್‌ವೆಲ್‌ಗಳನ್ನು ನಂಬಿದ ನಮಗೆ ಇದು ದೂರದ ಮಾತಲ್ಲ. ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆಯನ್ನು ಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೆ ಕೊಡಬೇಕು.

ಶಾಲೆಯಲ್ಲಿ ಮಿಸ್ತ್ರಿ ಕೆಲಸ ಕಲಿಸುತ್ತೀರಾ, ನಮ್ಮ ಮಕ್ಕಳು ಡಾಕ್ಟರ್, ಎಂಜಿನಿಯರ್ ಆಗುವುದು ಬೇಡವೇ ಎಂದು ಕೆಲವರು ಕೇಳಬಹುದು. ಮಗುವನ್ನು ಗಾಡಿಯ ಕೆಳಗೆ ಮಲಗಿಸಿ ಎಂದು ನಾವು ಹೇಳುತ್ತಿಲ್ಲ, ಅದು ದೊಡ್ಡವರ ಕೆಲಸ. ಅಪ್ಪ ಕೆಳಗೆ ಮಲಗಿ ಪಾನಾ ಹಿಡಿದಾಗ ಮಗಳು ಪಕ್ಕದಲ್ಲಿ ಕೂತು ಕನ್ನಡದ ಪುಟವನ್ನು ಗಟ್ಟಿಯಾಗಿ ಓದಲಿ ಎನ್ನುತ್ತೇವೆ. "ಅಪ್ಪಾ, ಮೊದ್ಲು ಮೇಲಿನ ಬೋಲ್ಟು" ಎಂದು ಅವಳು ಹೇಳಿದ ದಿನ, ಕನ್ನಡ ಓದಿ ಏನು ಉಪಯೋಗ ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಬೇರೆ ಉತ್ತರ ಬೇಕಾಗುವುದಿಲ್ಲ. ಮುಂದೆ ಅವಳು ಎಂಜಿನಿಯರ್ ಆದರೂ ಇದೇ ತಿಳಿವಳಿಕೆಯ ಮೇಲೆ ಇಂಗ್ಲಿಷ್ ಶಬ್ದಗಳು ಬಂದು ಕೂರುತ್ತವೆ. ಇಂಗ್ಲಿಷಿಗೆ ನಾವು ವಿರೋಧಿಗಳಲ್ಲ. ಗಾಡಿಯ ಪುಸ್ತಕ ಓದಲು ಅದೂ ಬೇಕು. ಆದರೆ ತಿಳಿಯದ ಕೆಲಸವನ್ನು ತಿಳಿಯದ ಭಾಷೆಯಲ್ಲಿ ಕಲಿಸಲು ಹೊರಟರೆ ಎರಡೂ ಕೈಗೆ ಹತ್ತುವುದಿಲ್ಲ.

ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕ ಮಿತ್ರರಲ್ಲಿ ನಮ್ಮದೊಂದು ಕೋರಿಕೆ. ಪ್ರತಿ ಶಾಲೆ ವರ್ಷಕ್ಕೆ ಒಂದೇ ಒಂದು ಪುಟ ಬರೆಯಲಿ. ಕಾಸರಗೋಡಿನವರು ಅಡಿಕೆಗೆ ಔಷಧ ಹೊಡೆಯುವ ಪಂಪಿನ ಬಗ್ಗೆ, ಅಕ್ಕಲಕೋಟೆ ಕಡೆಯವರು ಬೋರ್‌ವೆಲ್ ಮೋಟಾರಿನ ಬಗ್ಗೆ, ನಾರಾಯಣಪೇಟೆಯವರು ಸೀರೆ ಮಗ್ಗದ ಬಗ್ಗೆ ಬರೆಯಲಿ. ಬರೆಯುವ ಮುನ್ನ ಊರಿನ ಮಿಸ್ತ್ರಿಯನ್ನು, ನೇಕಾರರನ್ನು ಶಾಲೆಗೆ ಕರೆದು ಕೇಳಲಿ, ಬರೆದ ಮೇಲೆ ಅವರಿಗೇ ಓದಿ ತೋರಿಸಿ ತಿದ್ದಿಸಿಕೊಳ್ಳಲಿ. ಇದಕ್ಕೆ ಅನುದಾನ ಬೇಡ, ಆದೇಶ ಬೇಡ, ಒಂದು ಹಾಳೆ ಮತ್ತು ಒಂದು ಶನಿವಾರ ಮಧ್ಯಾಹ್ನ ಸಾಕು. ಏನಂತೀರಿ?