ನಿಯಮಗಳ ಜೊತೆ ಹೊಣೆಯೂ ಬರಲಿ

ಬ್ರಿಟನ್‌ನಲ್ಲಿ 2015ರಲ್ಲಿ ಶುರುವಾದ ‘ಲವ್ ಐಲ್ಯಾಂಡ್’ ಅಲ್ಲಿನ ಯುವಜನರಿಗೆ ಹುಚ್ಚು ಹಿಡಿಸಿತ್ತು. ವಿಲ್ಲಾದೊಳಗೆ ಜೋಡಿ ಕಟ್ಟಿಕೊಳ್ಳುವ ಹುಡುಗ–ಹುಡುಗಿಯರು, ಹೊರಗೆ ಕೂತು ಮತ ಹಾಕುವ ವೀಕ್ಷಕರು. 2019ರಲ್ಲಿ ಸಿಬಿಎಸ್ ವಾಹಿನಿ ಇದನ್ನು ಅಮೆರಿಕಕ್ಕೆ ತಂದಿತು. ಫಿಜಿಯಲ್ಲಿ ಚಿತ್ರೀಕರಣ, ವಾರಕ್ಕೆ ಐದು ರಾತ್ರಿ ಪ್ರಸಾರ. ಬ್ರಿಟನ್‌ನಷ್ಟು ಸದ್ದು ಮಾತ್ರ ಆಗಲಿಲ್ಲ. ಮನೆಮಂದಿಯೆಲ್ಲ ನೋಡುವ ವಾಹಿನಿಗೆ ತಕ್ಕಂತೆ ಮಾತಿಗೆ ಕತ್ತರಿ ಹಾಕಿದರೆ ಇಂಥ ಶೋನಲ್ಲಿ ಉಳಿಯುವುದಾದರೂ ಏನು? 2022ರಲ್ಲಿ ಪೀಕಾಕ್ ಸ್ಟ್ರೀಮಿಂಗ್‌ಗೆ ಹೋಯಿತು. 2024ರ ಆರನೇ ಸೀಸನ್ ಮನೆಮಾತಾಯಿತು.

ಇದನ್ನು ಬರೀ ಗೆಲುವು ಎನ್ನಲು ನನಗೆ ಮನಸ್ಸಿಲ್ಲ. ಬ್ರಿಟನ್‌ನಲ್ಲಿ ಇಬ್ಬರು ಮಾಜಿ ಸ್ಪರ್ಧಿಗಳ ಸಾವಿನ ನಂತರ, 2019ರಲ್ಲಿ, ಐಟಿವಿ ಶೋ ಮುಗಿಸಿ ಬಂದವರಿಗೆ ಕನಿಷ್ಠ 8 ಬಾರಿ ಆಪ್ತಸಮಾಲೋಚನೆ ಎಂದು ಘೋಷಿಸಿತು. 2025ರಲ್ಲಿ ಅಮೆರಿಕದಲ್ಲೂ, ‘ಸ್ಪರ್ಧಿಗಳನ್ನು ಆನ್‌ಲೈನ್‌ನಲ್ಲಿ ಕಾಡಬೇಡಿ’ ಎಂದು ವೀಕ್ಷಕರನ್ನೇ ಕೇಳಿಕೊಳ್ಳಬೇಕಾಯಿತು.

ಅಲ್ಲಿರುವವರು ಬಹುತೇಕ ನಮ್ಮ ವಯಸ್ಸಿನವರೇ. ಹಾಸ್ಟೆಲ್‌ನಲ್ಲಿ ಕೂತು ‘ಬಿಗ್ ಬಾಸ್’ಗೆ ವೋಟು ಹಾಕುವ ನಮಗೂ (ಅದೂ ನೆದರ್ಲೆಂಡ್ಸ್‌ನಿಂದ ಬಂದದ್ದೇ) ಇದು ದೂರದ ಮಾತಲ್ಲ. ಶೋ ಒಂದನ್ನು ಇನ್ನೊಂದು ದೇಶಕ್ಕೆ ಮಾರುವಾಗ ಆಟದ ನಿಯಮಗಳ ಜೊತೆ ಆಪ್ತಸಮಾಲೋಚನೆಯೂ ಒಪ್ಪಂದದಲ್ಲಿ ಕಡ್ಡಾಯವಾಗಬೇಕು. ಶೋ ಹಿಟ್ ಆಗುವ ಮೊದಲೇ.