ಎಂಬತ್ತೇಳರಲ್ಲಿ ಒಂದು ಪಾಲು

ಮನೆಯಲ್ಲಿ ರೈಲು ಓಡಿಸಲು ಎಷ್ಟು ಜಾಗ ಬೇಕು, ಎಷ್ಟು ದುಡ್ಡು ಬೇಕು ಎಂದು ಓದುಗರು ಆಗಾಗ ಕೇಳುತ್ತಿರುತ್ತಾರೆ. ದುಡ್ಡಿನ ಮಾತು ಆಮೇಲೆ. ಜಾಗದ ಪ್ರಶ್ನೆಗೆ ನನ್ನ ಉತ್ತರ, ಒಂದು ಪ್ಲೈವುಡ್ ಹಾಳೆಯಷ್ಟು. ಅಂಗಡಿಯಲ್ಲಿ ಸಿಗುವ ಹಾಳೆ ಎಂಟಡಿ ಉದ್ದ, ನಾಲ್ಕಡಿ ಅಗಲ. ಹಲಸೂರಿನ ನಮ್ಮ ಮನೆಯಲ್ಲಿ ಅದನ್ನು ನಡುಮನೆಯ ಗೋಡೆಗೆ ಕೀಲು ಹಾಕಿ ನಿಲ್ಲಿಸಿದ್ದೇವೆ. ಬೇಕಾದಾಗ ಇಳಿಸುವುದು, ಬೇಡವಾದಾಗ ಗಾಡಿಗಳನ್ನು ತೆಗೆದಿಟ್ಟು ಮೇಲೆತ್ತಿ ಕೊಂಡಿ ಸಿಕ್ಕಿಸುವುದು. ಹಗಲು ಗೋಡೆ, ಸಂಜೆ ರೈಲ್ವೆ. ಮನೆಯಾಕೆಯ ಒಪ್ಪಿಗೆ ದೊರೆತದ್ದೂ ಈ ಷರತ್ತಿನ ಮೇಲೆಯೇ.

ಈ ಹವ್ಯಾಸಕ್ಕೆ ಇಳಿಯುವವರು ಮೊದಲು ಬಾಯಿಪಾಠ ಮಾಡಬೇಕಾದ ಸಂಖ್ಯೆ 87. ಜಗತ್ತಿನಲ್ಲಿ ಅತಿ ಹೆಚ್ಚು ಜನ ಕಟ್ಟುವ ಮಾದರಿ ರೈಲಿನ ಅಳತೆಗೆ ಎಚ್‌ಒ ಎಂದು ಹೆಸರು. ನಿಜದ ರೈಲಿನ 87ರಲ್ಲಿ ಒಂದು ಪಾಲು ಅದು. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಕಾಗದ ಪೆನ್ಸಿಲು ಕೈಯಲ್ಲಿದ್ದರೆ 87ರಿಂದ ಗುಣಿಸಿ ನೋಡಿ. 1435 ಮಿಲಿಮೀಟರ್‌ಗೆ ಬಂದು ನಿಲ್ಲುತ್ತದೆ. ಅದು ಯೂರೋಪು, ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜು. ನಮ್ಮ ಬ್ರಾಡ್‌ಗೇಜು 1676. ಜೋಲಾರಪೇಟೆಯಿಂದ ಬಂದ ಹಳಿ 1864ರಲ್ಲಿ ಕಂಟೋನ್ಮೆಂಟ್ ಮುಟ್ಟಿದಾಗಿನಿಂದ ಈ ಕಡೆಯ ಹಳಿಗಳಿಗೆ ಅದೇ ಅಗಲ. 87ರಿಂದ ಭಾಗಿಸಿದರೆ 19.3 ಬರಬೇಕು. ಅಂದರೆ ಪೇಟೆಯಲ್ಲಿ ಸಿಗುವ ಹಳಿ ನಮ್ಮ ರೈಲಿಗೆ ಸುಮಾರು ಮೂರು ಮಿಲಿಮೀಟರ್ ಕಿರಿದು! ಬೋಗಿ ಸರಿಯಾದ ಅಗಲದ್ದಾದರೆ ಅದು ಹಳಿಯ ಮೇಲೆ ಒಂಟಿಕಾಲಲ್ಲಿ ನಿಂತಂತೆ ಕಾಣುತ್ತದೆ.

ತಮಾಷೆ ನೋಡಿ. ನಮ್ಮ ಮೆಟ್ರೊ ಓಡುವುದು 1435ರ ಮೇಲೆಯೇ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಮೊದಲ ಗಾಡಿ ಹೊರಟಂದಿನಿಂದ ಇಂದಿರಾನಗರ, ಹಲಸೂರಿನ ನೆತ್ತಿಯ ಮೇಲೆ ಹೋಗಿಬರುತ್ತಿರುವ ರೈಲಿಗೆ ಈ ಪರದೇಶಿ ಹಳಿ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಪ್ಪುತ್ತದೆ. ಇನ್ನೊಂದು ಕಡೆ, ಚಿಕ್ಕಬಳ್ಳಾಪುರ–ಕೋಲಾರದ ಮರಿ ರೈಲಿನದು 762 ಮಿಲಿಮೀಟರಿನ ನ್ಯಾರೋಗೇಜು. 87ರಿಂದ ಭಾಗಿಸಿ, 8.8. ಎನ್ ಎಂಬ ಇನ್ನೂ ಸಣ್ಣ ಅಳತೆಯವರು ಬಳಸುವ ಹಳಿ 9 ಮಿಲಿಮೀಟರಿನದು. ಆ ರೈಲಿನ ಹಾದಿ 2013ರಲ್ಲಿ ಬ್ರಾಡ್‌ಗೇಜಾಯಿತು. ಆದರೆ ಅದನ್ನು ಮೇಜಿನ ಮೇಲೆ ಮತ್ತೆ ಓಡಿಸಬೇಕೆಂದು ಆಸೆಪಡುವವರಿಗೆ ಹಳಿ ಸಿದ್ಧವಾಗಿಯೇ ಸಿಗುತ್ತದೆ. ಸತ್ತದ್ದನ್ನು ಸರಿಯಾಗಿ ಕಟ್ಟಬಹುದು, ಕಣ್ಣೆದುರು ಓಡುತ್ತಿರುವುದನ್ನಲ್ಲ! ಹಳಿಯನ್ನು ಕೈಯಲ್ಲೇ ಬೆಸುಗೆ ಹಾಕಿ 19.3 ಮಾಡುವ ಸಾಹಸಿಗಳೂ ಇರಬಹುದು. ನಾನು 16.5ಕ್ಕೇ ಒಪ್ಪಿಕೊಂಡೆ. ಮಾದರಿ ಎಂದರೆ ಏನನ್ನು ಬಿಡಬೇಕೆಂದು ನಿರ್ಧರಿಸುವುದು ತಾನೆ.

ಬಿಡಬೇಕಾದದ್ದು ಬಹಳವಿದೆ. ಕಂಟೋನ್ಮೆಂಟಿನಿಂದ ಕೃಷ್ಣರಾಜಪುರಕ್ಕೆ ಹತ್ತು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಕುಗ್ಗಿಸಿದರೂ 115 ಮೀಟರ್! ನಮ್ಮ ಬೀದಿಯ ತುದಿ ದಾಟುತ್ತದೆ. ಬ್ರಾಡ್‌ಗೇಜಿನಲ್ಲಿ ಅನುಮತಿಯಿರುವ ಅತ್ಯಂತ ಚೂಪಾದ ತಿರುವಿನ ತ್ರಿಜ್ಯ 175 ಮೀಟರ್. ಅದೇ ಮಾದರಿಯಲ್ಲಿ ಎರಡು ಮೀಟರ್, ಅಂದರೆ ಒಂದು ಸುತ್ತಿಗೆ ನಾಲ್ಕು ಮೀಟರ್ ಅಗಲದ ಕೋಣೆ. ನಮ್ಮ ಹಾಳೆಯ ಮೇಲೆ ಅರ್ಧ ಮೀಟರಿನ ತ್ರಿಜ್ಯಕ್ಕಿಂತ ಹೆಚ್ಚು ಹಿಡಿಸದು. ಮೊಟ್ಟೆಯಾಕಾರದ ಒಂದು ಸುತ್ತು ಹಾಕಿದರೆ ಒಟ್ಟು ಹಳಿ 5.7 ಮೀಟರ್. 24 ಬೋಗಿಯ ಗಾಡಿಯನ್ನು ಕುಗ್ಗಿಸಿದರೆ ಆರು ಮೀಟರಿಗೂ ಮೇಲೆ. ಎಂಜಿನ್ನು ತನ್ನ ಬಾಲವನ್ನೇ ಗುದ್ದುತ್ತದೆ! ಹಾಗಾಗಿ ನಾಲ್ಕು ಬೋಗಿ, ಒಂದು ಸುತ್ತು, ಪಕ್ಕದಲ್ಲೊಂದು ಲೂಪು, ಕಂಟೋನ್ಮೆಂಟ್ ಮತ್ತು ಬೈಯಪ್ಪನಹಳ್ಳಿಗಳ ನಡುವಿನ ಬೆಂಗಳೂರು ಪೂರ್ವ ನಿಲ್ದಾಣವನ್ನು ನೆನಪಿಸುವ ಎರಡು ಪ್ಲಾಟ್‌ಫಾರಂ. ಅಷ್ಟೇ. ದೊಡ್ಡದನ್ನು ನೋಡಬೇಕೆನ್ನುವವರು ಪುಣೆಗೆ ಹೋದಾಗ ಅಲ್ಲಿನ ಜೋಷಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿಬರಲಿ. 1998ರಿಂದ ಇದೆ.

ದುಡ್ಡು ಹೋಗುವುದು ಎಂಜಿನ್ನಿಗೆ. ಹೊರದೇಶದ ಒಳ್ಳೆಯ ಎಂಜಿನ್ನೊಂದಕ್ಕೆ ಒಂದು ತಿಂಗಳ ಮನೆ ಬಾಡಿಗೆಯಾದರೂ ಬೇಕು. ಉಳಿದದ್ದೆಲ್ಲ ಅಡುಗೆಮನೆ, ಗುಜರಿ ಮತ್ತು ತಾಳ್ಮೆ. ಹಳಿಯ ಕೆಳಗೆ ಹರಡುವ ಜಲ್ಲಿಕಲ್ಲನ್ನೇ ತೆಗೆದುಕೊಳ್ಳಿ. ನಿಜದಲ್ಲಿ ಐವತ್ತು ಮಿಲಿಮೀಟರಿನ ಕಲ್ಲು ಇಲ್ಲಿ ಅರ್ಧ ಮಿಲಿಮೀಟರಿಗೆ ಚೂರು ಹೆಚ್ಚು. ರವೆಯ ಕಾಳಿನ ಗಾತ್ರ. ರವೆಯನ್ನೇ ಹಾಕಬಹುದೆಂದು ಹುಡುಗನೊಬ್ಬ ಸೂಚಿಸಿದ. ಆದರೆ ಹಲಸೂರಿನ ಇರುವೆಗಳಿಗೆ ರೈಲ್ವೆಯ ಮೇಲೆ ಗೌರವವಿಲ್ಲ. ಕಟ್ಟಡದ ಕೆಲಸ ನಡೆಯುವಲ್ಲಿ ಒಂದು ಬೊಗಸೆ ಎಂ-ಸ್ಯಾಂಡ್ ಕೇಳಿ ತಂದು, ಎರಡು ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್ ತೊಟ್ಟಿಕ್ಕಿಸಿದರೆ ಗ್ರಾನೈಟಿನ ನಿಜವಾದ ಬೂದುಬಣ್ಣವೇ ಸಿಗುತ್ತದೆ. ಗ್ರಾನೈಟಿನ ಪುಡಿಯೇ ಅಲ್ಲವೆ ಅದು! ಮಳೆಮರಕ್ಕೆ ಒಣಗಿದ ತುಪ್ಪೀರೆಯ ನಾರು, ತೆಂಗಿಗೆ ಪಾರಿವಾಳದ ಪುಕ್ಕ.

ಈಗ ಓಡಿಸೋಣ. ಹಳಿಯೆರಡಕ್ಕೆ ಹನ್ನೆರಡು ವೋಲ್ಟು ಕೊಟ್ಟರೆ ಚಕ್ರಗಳ ಮೂಲಕ ಮೋಟಾರಿಗೆ ವಿದ್ಯುತ್ತು ಹೋಗುತ್ತದೆ. ಮೊದಲ ವರ್ಷ ನಮ್ಮ ಗಾಡಿ ನಿಲ್ದಾಣದ ಎದುರಿಗೆ ಜಿಗಿಯುತ್ತಿತ್ತು, ಆಚೆ ಬದಿಯಲ್ಲಿ ಏದುಸಿರು ಬಿಡುತ್ತಿತ್ತು. ಹಳಿಯ ಲೋಹ ಜರ್ಮನ್ ಸಿಲ್ವರ್. ಮದುವೆಮನೆಯಲ್ಲಿ ಕುಂಕುಮದ ಬಟ್ಟಲು ಕೊಡುತ್ತಾರಲ್ಲ, ಅದೇ. ತಾಮ್ರ, ಸತು, ನಿಕಲ್‌ಗಳ ಮಿಶ್ರಣ, ಬೆಳ್ಳಿ ಒಂದು ಗುಂಜಿಯೂ ಇಲ್ಲ. ತುಕ್ಕು ಹಿಡಿಯದು ನಿಜ, ಆದರೆ ವಿದ್ಯುತ್ತಿಗೆ ಒಡ್ಡುವ ತಡೆ ತಾಮ್ರದ ಹತ್ತು ಪಟ್ಟನ್ನೂ ಮೀರುತ್ತದೆ. ಜೊತೆಗೆ ತುಂಡು ತುಂಡು ಹಳಿಗಳನ್ನು ಸೇರಿಸುವ ಕೀಲುಗಳಲ್ಲಿ ಕಿಲುಬು. ಹಾಳೆಯ ಅಡಿಯಲ್ಲಿ ಮನೆ ವೈರಿಂಗಿನ ದಪ್ಪ ತಾಮ್ರದ ತಂತಿ ಎಳೆದು, ನಾಲ್ಕು ಕಡೆ ಹಳಿಗೆ ಮೇಲೆತ್ತಿ ಬೆಸೆದದ್ದೇ ಔಷಧ. ಇಷ್ಟು ವರ್ಷದಲ್ಲಿ ಮಾಡಿದ ಸುಧಾರಣೆಗಳಲ್ಲಿ ಅತಿ ಅಗ್ಗದ್ದು ಇದು. ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ.

ಗಾಡಿ ಚೆನ್ನಾಗಿ ಓಡತೊಡಗಿದ ಮೇಲೆ ನನಗೆ ಬೇರೊಂದು ಯೋಚನೆ ಹತ್ತಿತು. ಶನಿವಾರ ಮಧ್ಯಾಹ್ನ ನಮ್ಮ ಶಾಲೆಯ ನಾಲ್ಕೈದು ಮಕ್ಕಳು ಮನೆಗೆ ಬರುತ್ತಾರೆ. ನಿಯಂತ್ರಕದ ಗುಂಡಿ ಯಾರ ಕೈಗೆ ಸಿಕ್ಕರೂ ಅವರು ಮೊದಲು ಮಾಡುವುದು ಅದನ್ನು ಪೂರ್ತಿ ತಿರುಗಿಸುವುದು. ಆರು ಸೆಕೆಂಡಿನಲ್ಲಿ ಒಂದು ಸುತ್ತು! ಲೆಕ್ಕ ಹಾಕಿದರೆ ಗಂಟೆಗೆ 300 ಕಿಲೋಮೀಟರ್. ನೂರು ಕಿಲೋಮೀಟರಿನ ಗಾಡಿ ಮೇಜಿನ ಮೇಲೆ ಸೆಕೆಂಡಿಗೆ 32 ಸೆಂಟಿಮೀಟರ್ ಹೋಗಬೇಕು, ಒಂದು ಸುತ್ತಿಗೆ 18 ಸೆಕೆಂಡು. ‘ಇಷ್ಟು ನಿಧಾನವಾ ಸಾರ್’ ಎನ್ನುತ್ತಾರೆ. ಅದಾದ ಮೇಲೆ ಗುಂಡಿಯನ್ನು ಸೊನ್ನೆಗೆ ತಿರುಗಿಸುತ್ತಾರೆ. ಗಾಡಿ ಇದ್ದಲ್ಲೇ ನಿಲ್ಲುತ್ತದೆ, ಗೆರೆ ಎಳೆದಂತೆ.

ನನ್ನನ್ನು ಕಾಡಿದ್ದು ಇದು. ನಮ್ಮ ಶಾಲೆಗೆ ಹಳಿ ದಾಟಿ ಬರುವ ಮಕ್ಕಳಿದ್ದಾರೆ. ಕೆಲವು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಒಂದು ಜಾಗ ಖಾಲಿಯಾಯಿತು. ಅದರ ವಿವರ ಇಲ್ಲಿ ಬೇಡ. ರೈಲು ನಿಂತುಬಿಡುತ್ತದೆ ಎಂದು ಮಕ್ಕಳಿಗೆ ಕಲಿಸುವ ಒಂದು ಯಂತ್ರ ನನ್ನ ನಡುಮನೆಯಲ್ಲೇ ಇದೆಯಲ್ಲ ಎನ್ನಿಸಿದ ಮೇಲೆ ಅದನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ.

ಮಾದರಿ ಗಾಡಿ ಏಕೆ ಥಟ್ಟನೆ ನಿಲ್ಲುತ್ತದೆ? ಒಂದು ಕಾರಣ ಅದರೊಳಗಿನ ವರ್ಮ್ ಗಿಯರು. ತಿರುಪಿನಂಥ ದಂಡ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಹಲ್ಲುಚಕ್ರ ದಂಡವನ್ನು ತಿರುಗಿಸಲಾರದು. ಗಿಟಾರಿನ ಕಿವಿ ತಂತಿ ಎಷ್ಟೇ ಎಳೆದರೂ ಹಿಂದಕ್ಕೆ ಸುತ್ತಿಕೊಳ್ಳದೆ ಇರುವುದು ಇದರಿಂದಲೇ. ವಿದ್ಯುತ್ತು ಹೋದೊಡನೆ ಚಕ್ರಗಳಿಗೆ ಬೀಗ ಬೀಳುತ್ತದೆ. ಇನ್ನೊಂದು ಕಾರಣ ತೂಕ. ಉದ್ದ 87ರಲ್ಲಿ ಒಂದು ಪಾಲಾದರೆ ಗಾತ್ರ 87 ಗುಣಿಸು 87 ಗುಣಿಸು 87, ಅಂದರೆ ಆರೂವರೆ ಲಕ್ಷಕ್ಕೂ ಮೇಲೆ ಪಾಲಾಗುತ್ತದೆ. ಕೃಷ್ಣರಾಜಪುರದ ಶೆಡ್ಡಿನಲ್ಲಿ ಮೊದಲು ಸಾಲುಸಾಲಾಗಿ ನಿಲ್ಲುತ್ತಿದ್ದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ತೂಕ 112.8 ಟನ್. ಕುಗ್ಗಿಸಿದರೆ 171 ಗ್ರಾಂ, ಎರಡು ಬಾಳೆಹಣ್ಣಿನ ತೂಕ. ನಿಜದ ಗಾಡಿ ಸಾವಿರ ಟನ್ ಮೀರಿದ್ದು, ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ. ಅಷ್ಟು ಭಾರವನ್ನು ಒಂದೇ ಎಂಜಿನ್ನು ಎಳೆಯಲು ಸಾಧ್ಯವಾಗುವುದು ಆ ನುಣುಪಿನಿಂದ, ಬೇಗ ನಿಲ್ಲಿಸಲಾಗದಿರುವುದೂ ಅದೇ ನುಣುಪಿನಿಂದ. ಅದಕ್ಕೇ ರೈಲ್ವೆಯವರು ನಿಲ್ಲಬೇಕಾದ ಸಿಗ್ನಲಿಗೆ ಒಂದು ಕಿಲೋಮೀಟರ್ ಮೊದಲೇ ಡಿಸ್ಟಂಟ್ ಸಿಗ್ನಲ್ ನೆಡುವುದು.

ಆ ಒಂದು ಕಿಲೋಮೀಟರನ್ನು 87ರಿಂದ ಭಾಗಿಸಿ. ಹನ್ನೊಂದೂವರೆ ಮೀಟರ್. ನಮ್ಮ ಸುತ್ತು 5.7. ಸರಿಯಾಗಿ ಎರಡು ಸುತ್ತು! ನೂರು ಕಿಲೋಮೀಟರ್ ವೇಗದಿಂದ ಒಂದೇ ಸಮನೆ ನಿಧಾನಿಸುತ್ತ ಅಷ್ಟು ದೂರದಲ್ಲಿ ನಿಲ್ಲಲು 72 ಸೆಕೆಂಡು ಬೇಕು. ಉದ್ದವನ್ನು ಕುಗ್ಗಿಸಬಹುದು, ಕಾಲವನ್ನಲ್ಲ. ಮೇಜಿನ ಮೇಲೂ 72 ಸೆಕೆಂಡೇ.

ಎಸ್.ಪಿ. ರಸ್ತೆಯಿಂದ 4700 ಮೈಕ್ರೊಫ್ಯಾರಡ್‌ನ ಕೆಪಾಸಿಟರೊಂದನ್ನು ತಂದು, ಹತ್ತು ಸಾವಿರ ಓಮಿನ ರೋಧಕದೊಡನೆ ನಿಯಂತ್ರಕದ ಗುಂಡಿಗೂ ಮಂಡಲಕ್ಕೂ ನಡುವೆ ಸೇರಿಸಿದೆವು. ಈಗ ಗುಂಡಿಯನ್ನು ಸೊನ್ನೆಗೆ ತಂದರೂ ಕೆಪಾಸಿಟರಿನಲ್ಲಿ ಕೂಡಿಟ್ಟ ವೋಲ್ಟು ನಿಧಾನವಾಗಿ ಇಳಿಯುತ್ತದೆ, ಗಾಡಿ ತಾನಾಗಿ ಸಾಗುತ್ತಲೇ ಇರುತ್ತದೆ. ಲೆಕ್ಕದ ನೇರ ಗೆರೆಗೂ ಕೆಪಾಸಿಟರಿನ ಬಾಗು ಗೆರೆಗೂ ವ್ಯತ್ಯಾಸವಿದೆಯೆನ್ನಿ. ತೋರಿಸಲು ಇಷ್ಟು ಸಾಕು.

ಮಕ್ಕಳಿಗೆ ಏನೂ ಹೇಳಲಿಲ್ಲ. ಬೆಂಕಿಕಡ್ಡಿಯ ಗೊಂಬೆಯೊಂದನ್ನು, 17 ಮಿಲಿಮೀಟರ್ ಎತ್ತರದ್ದು, ಅವರ ಎತ್ತರದ್ದೇ ಎನ್ನಿ, ಹಳಿಯ ಮೇಲೆ ನಿಲ್ಲಿಸಿದೆ. ಗಾಡಿ ಅರ್ಧ ಸುತ್ತು ಆಚೆ ಇರುವಾಗ ‘ನಿಲ್ಸು’ ಎಂದೆ. ಗುಂಡಿ ಹಿಡಿದಿದ್ದ ಹುಡುಗಿ ಸೊನ್ನೆಗೆ ತಿರುಗಿಸಿದಳು. ಗಾಡಿ ಬಂತು, ಗೊಂಬೆ ಬಿತ್ತು, ಗಾಡಿ ಹೋಯಿತು, ಮತ್ತೆ ಸುತ್ತಿ ಬಂತು.

‘ಸಾರ್, ಬ್ರೇಕ್ ಹಿಡೀತಾ ಇಲ್ಲ.’

‘ಹಿಡಿದಿದೆಯಮ್ಮ.’

ಆಮೇಲೆ ಹಲಗೆಯ ಮೇಲೆ ಲೆಕ್ಕ ಮಾಡಿದೆವು. ಅರ್ಧ ಸುತ್ತು ಎಂದರೆ ನಿಜದಲ್ಲಿ 250 ಮೀಟರ್. ವೇಗದ ವರ್ಗಕ್ಕೂ ದೂರಕ್ಕೂ ಇರುವ ಸಂಬಂಧ ಒಂಬತ್ತನೆಯ ತರಗತಿಯ ಪುಸ್ತಕದಲ್ಲೇ ಇದೆ. ಚಾಲಕ 250 ಮೀಟರ್ ದೂರದಲ್ಲಿ ಕಂಡು ಆ ಕ್ಷಣವೇ ಬ್ರೇಕು ಹಾಕಿದರೂ ಗಾಡಿ ಹತ್ತಿರ ಬಂದಾಗ ಅದರ ವೇಗ ಇನ್ನೂ ಗಂಟೆಗೆ 87 ಕಿಲೋಮೀಟರ್. ‘ಇಲ್ಲೂ 87 ಬಂತು ಸಾರ್’ ಎಂದ ಒಬ್ಬ. ಕಾಕತಾಳೀಯ ಅಷ್ಟೆ. ಆದರೆ ಮರೆಯುವುದಿಲ್ಲ ಎಂಬ ಸಂತೋಷ ನನಗೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ದೊಡ್ಡ ವಸ್ತುಗಳು ಇದ್ದದ್ದಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ನಮ್ಮ ಕಣ್ಣಿಗೆ ಕಾಣುತ್ತವೆ. ಇಳಿಯುತ್ತಿರುವ ವಿಮಾನ ಆಕಾಶದಲ್ಲಿ ತೇಲುತ್ತಿದೆ ಅನ್ನಿಸುವುದಿಲ್ಲವೆ? ಲೆವೆಲ್ ಕ್ರಾಸಿಂಗಿನ ಅಪಘಾತಗಳಿಗೆ ಇದೂ ಒಂದು ಕಾರಣವಿರಬಹುದೆಂದು ಅಮೆರಿಕದ ಮನೋವಿಜ್ಞಾನಿ ಹರ್ಷಲ್ ಲೈಬೊವಿಟ್ಜ್ 1985ರಲ್ಲಿ ಬರೆದರು. ಹಳಿಯ ನೇರದಲ್ಲಿ ನಿಂತು ನೋಡಿದರೆ ಎಂಜಿನ್ನಿನ ಮುಖ ಬಹಳ ಹೊತ್ತು ಒಂದೇ ಗಾತ್ರದ್ದಾಗಿ ಕಂಡು, ಕೊನೆಯ ಕ್ಷಣದಲ್ಲಿ ಹಿಗ್ಗುತ್ತದೆ. ಎರಡು ಹಳಿ ದಾಟಲು ಎಂಟು ಸೆಕೆಂಡು ಹಿಡಿಯಿತೆನ್ನಿ. ಅಷ್ಟರಲ್ಲಿ ನೂರು ಕಿಲೋಮೀಟರಿನ ಗಾಡಿ 220 ಮೀಟರ್ ಬಂದಿರುತ್ತದೆ.

‘ಹಾಗಿದ್ರೆ ಬ್ರಿಜ್ ಕಟ್ಟೋಣ ಸಾರ್’ ಎಂದರು ಮಕ್ಕಳು. ಮೇಜಿನ ಮೇಲೆ, ಎರಡು ಪ್ಲಾಟ್‌ಫಾರಂಗಳ ನಡುವೆ. ಅದಕ್ಕೂ ಲೆಕ್ಕವಿದೆ. ಕೆಳಗೆ 25 ಸಾವಿರ ವೋಲ್ಟಿನ ತಂತಿ ಹಾದುಹೋಗುವುದರಿಂದ ಕಾಲುಸೇತುವೆ ಹಳಿಯಿಂದ ಆರು ಮೀಟರಿಗೂ ಮೇಲಿರಬೇಕು. ಹದಿನೈದು ಸೆಂಟಿಮೀಟರಿನ ಮೆಟ್ಟಿಲಾದರೆ ಏರಲು ನಲವತ್ತು, ಇಳಿಯಲು ನಲವತ್ತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಎರಡೆರಡು ಪದರ ಅಂಟಿಸಿ, ಎಂಬತ್ತು ಮೆಟ್ಟಿಲು ಮಾಡುವಷ್ಟರಲ್ಲಿ ಎರಡು ಶನಿವಾರ ಕಳೆದವು. ಕೊನೆಯ ಮೆಟ್ಟಿಲು ಅಂಟಿಸುತ್ತ ಅದೇ ಹುಡುಗಿ, ‘ಬ್ಯಾಗ್ ಹೊತ್ಕೊಂಡು ದಿನಾ ಎರಡು ಸಲ ಯಾರು ಹತ್ತುತಾರೆ ಸಾರ್?’ ಎಂದಳು. ನೂರ ಅರವತ್ತು ಮೆಟ್ಟಿಲು. ಹಳಿ ದಾಟುವುದು ಅಪರಾಧವೆಂದು ಫಲಕ ಹಾಕಿದವರು ಯಾರಾದರೂ ಈ ಗುಣಾಕಾರ ಮಾಡಿದ್ದಾರೋ ಇಲ್ಲವೋ.

ಹಳಿಯ ಕೆಳಗಿನ ಸುರಂಗದಾರಿಯಾದರೆ ಮನುಷ್ಯನ ತಲೆ ತಗುಲದಷ್ಟು ಎತ್ತರ ಸಾಕು. ಮೇಲಿನ ಮಣ್ಣು, ಜಲ್ಲಿ ಸೇರಿ ಮೂರೂವರೆ ಮೀಟರ್ ಇಳಿದರಾಯಿತು, ಇಪ್ಪತ್ತಮೂರು ಇಪ್ಪತ್ತನಾಲ್ಕು ಮೆಟ್ಟಿಲು. ಮೆಟ್ಟಿಲಿನ ಬದಲು ಇಳಿಜಾರಾದರೆ ಸೈಕಲ್ಲೂ ಹೋದೀತು. ಈಗ ಸೇತುವೆಯನ್ನು ಇದ್ದಲ್ಲೇ ಬಿಟ್ಟು ಪ್ಲೈವುಡ್ಡಿಗೆ ಗರಗಸ ಹಾಕಿದ್ದೇವೆ. ನಾಲ್ಕು ಸೆಂಟಿಮೀಟರ್ ಆಳ. ಮಳೆ ಬಂದರೆ ನೀರು ನಿಲ್ಲುವುದಿಲ್ಲವೆ ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ್ದಾನೆ. ಬೆಂಗಳೂರಿನವನು, ಕೇಳದೆ ಇರುತ್ತಾನೆಯೆ! ಬರುವ ಶನಿವಾರ ಅವನೇ ಡ್ರಿಲ್ಲು ತರುತ್ತಾನಂತೆ, ಚರಂಡಿಗೆ ತೂತು ಕೊರೆಯಲು.