ಫೈಲು ಒಳಗಿದೆ, ಕೀಲಿ ಎಲೆಕ್ಷನ್ ಡ್ಯೂಟಿಗೆ ಹೋಗಿದೆ!

ಕಚೇರಿಯಲ್ಲಿ ಹನ್ನೆರಡು ಕಂಪ್ಯೂಟರ್. ಬೇಕಾದ ಕಾಗದ ಮಾತ್ರ ಹನ್ನೊಂದರಲ್ಲಿ ಇಲ್ಲ. ಇರುವ ಒಂದನ್ನು ತೆರೆಯುವವರೇ ಇಲ್ಲ!

ಮೂವತ್ತು ವರ್ಷ ಊರಿನ ಬೀದಿ ಗುಡಿಸಿ ನಿವೃತ್ತಳಾದ ಹೆಂಗಸು ಗಳಿಕೆ ರಜೆಯ ಹಣಕ್ಕಾಗಿ ಮೂರನೇ ಸಲ ಪುರಸಭೆಯ ಮೆಟ್ಟಿಲು ಹತ್ತುತ್ತಾಳೆ. ‘ಲೆಕ್ಕ ರೆಡಿ ಐತಮ್ಮ. ಆದ್ರೆ ಆ ಸಿಸ್ಟಮ್‌ನಾಗೈತೆ. ಪಾಸ್‌ವರ್ಡ್ ಅವರಿಗೇ ಗೊತ್ತು, ಅವರು ಎಲೆಕ್ಷನ್ ಡ್ಯೂಟಿಗೆ ಹೋಗ್ಯಾರೆ. ಸೋಮವಾರ ಬಾ’ ಎಂಬ ಉತ್ತರ ಸಿಗುತ್ತದೆ. ಇದು ಯಾವ ಊರಿನ ಕಥೆ ಎಂದು ಕೇಳಬೇಕಾಗಿಲ್ಲ. ಓದುಗರು ತಮ್ಮ ತಮ್ಮ ಊರಿನ ಹೆಸರು ಹಾಕಿಕೊಂಡು ಓದಿದರೂ ನಡೆಯುತ್ತದೆ.

ಹಿಂದೆ ರೆಕಾರ್ಡ್ ರೂಮ್ ಎಂಬುದೊಂದು ಇತ್ತು. ಧೂಳಿತ್ತು, ಗೆದ್ದಲಿತ್ತು, ನಿಜ. ಆದರೆ ಗುಮಾಸ್ತ ರಜೆ ಹಾಕಿದರೆ ಅಟೆಂಡರ್ ಹೋಗಿ ಕಡತ ಹುಡುಕಿ ತರುತ್ತಿದ್ದ. ಯಾರು ಒಯ್ದರು ಎಂದು ಪುಸ್ತಕದಲ್ಲಿ ಸಹಿ ಬೀಳುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಒಂದೊಂದು ಟೇಬಲ್ಲೂ ಬೀಗ ಹಾಕಿದ ಬೀರುವಾಗಿದೆ. ಕಾಲ ಮುಂದಕ್ಕೆ ಹೋಯಿತೋ, ಹಿಂದಕ್ಕೋ?

‘ಈಗ ಇ-ಆಫೀಸ್ ಇದೆಯಲ್ಲ’ ಎನ್ನಬಹುದು. ಕಡತ ಓಡಾಡುವುದಕ್ಕೆ ಅದು ಸರಿ. ಆದರೆ ಕಡತಕ್ಕೆ ಏರುವ ಮುಂಚಿನ ಲೆಕ್ಕದ ಪಟ್ಟಿ, ಅಂದಾಜು, ಕರಡು ಪತ್ರ, ಫೋಟೋ ಹುಟ್ಟುವುದು ಟೇಬಲ್ ಮೇಲಿನ ಯಂತ್ರದಲ್ಲೇ. ಅಲ್ಲಿಂದ ಪೆನ್‌ಡ್ರೈವ್‌ನಲ್ಲಿ ಮೆರವಣಿಗೆ. ಒಂದೇ ಪಟ್ಟಿ ‘ಫೈನಲ್’, ‘ಫೈನಲ್ ಹೊಸದು’, ‘ಸಾಹೇಬ್ರು ನೋಡಿದ ಫೈನಲ್’ ಎಂದು ಮೂರು ಅವತಾರ ಎತ್ತುತ್ತದೆ. ಯಾವುದು ಅಸಲಿ ಎಂಬುದು ಸಾಹೇಬರಿಗೂ ಗೊತ್ತಿರುವುದಿಲ್ಲ. ಜೊತೆಗೆ ವೈರಸ್ಸೂ ಟೇಬಲಿನಿಂದ ಟೇಬಲಿಗೆ ಪುಕ್ಕಟೆ ಪ್ರಯಾಣ ಮಾಡುತ್ತದೆ.

ಇದಕ್ಕೆ ಮದ್ದು ಹೊಸದೇನಲ್ಲ, ದುಬಾರಿಯೂ ಅಲ್ಲ. ಪ್ರಿಂಟರಿಗೆಂದು, ಇಂಟರ್‌ನೆಟ್ಟಿಗೆಂದು ಕಚೇರಿಯ ಯಂತ್ರಗಳಿಗೆ ವೈರ್ ಹೇಗೂ ಎಳೆದಿರುತ್ತಾರೆ. ಸದಾ ಚಾಲೂ ಇರುವ ಒಂದು ಯಂತ್ರದಲ್ಲಿ ಕಚೇರಿಯ ಫೋಲ್ಡರ್ ಇಡಬೇಕು. ನೌಕರರು ಯಾವ ಕಂಪ್ಯೂಟರಿನ ಮುಂದೆ ಕೂತು ತಮ್ಮ ಹೆಸರಿನಲ್ಲಿ ಲಾಗಿನ್ ಆದರೂ ಆ ಫೋಲ್ಡರ್ ‘ಎಸ್’ ಎಂತಲೋ ‘ಝಡ್’ ಎಂತಲೋ ಒಂದು ಡ್ರೈವ್ ಆಗಿ ತಾನೇ ಕಾಣಬೇಕು. ವಿಂಡೋಸ್ ಸರ್ವರ್ ಇದ್ದ ಕಡೆ ಇದನ್ನು ಒಂದೇ ಜಾಗದಿಂದ ಎಲ್ಲ ಯಂತ್ರಕ್ಕೂ ಮಾಡಿಬಿಡುವ ಸೌಲಭ್ಯ 2008ರಿಂದಲೇ ಇದೆ. ಸರ್ವರ್ ಇಲ್ಲದ ಸಣ್ಣ ಕಚೇರಿಗೆ ನ್ಯಾಸ್ ಎಂಬ ಸಣ್ಣ ಪೆಟ್ಟಿಗೆ ಸಾಕು. ಮಾಮೂಲಿ ವಿಂಡೋಸ್ 10, 11ರ ಯಂತ್ರವೂ ಆದೀತು. ಆದರೆ ಅದು ಏಕಕಾಲಕ್ಕೆ 20 ಸಂಪರ್ಕಕ್ಕಿಂತ ಹೆಚ್ಚು ತಡೆಯದು.

ಮುಖ್ಯವಾದದ್ದು ಬೇರೆಯೇ ಇದೆ. ಅನುಮತಿಯನ್ನು ವ್ಯಕ್ತಿಗೆ ಕೊಡಬಾರದು, ಹುದ್ದೆಗೆ ಕೊಡಬೇಕು. ಆರೋಗ್ಯ ಶಾಖೆ, ಕಂದಾಯ ಶಾಖೆ, ಲೆಕ್ಕ ಶಾಖೆ ಎಂದು ಗುಂಪು ಮಾಡಿ, ಯಾರು ತಿದ್ದಬಹುದು, ಯಾರು ಬರೀ ಓದಬಹುದು ಎಂದು ಗುಂಪಿಗೇ ಗೊತ್ತುಮಾಡಬೇಕು. ವರ್ಗವಾದವರ ಹೆಸರು ತೆಗೆದು ಬಂದವರ ಹೆಸರು ಸೇರಿಸಿದರೆ ಮುಗಿಯಿತು. ರಜೆ ಹೋದವರ ಕೆಲಸವನ್ನು ಪಕ್ಕದವರು ನೋಡಬಹುದು.

ಸುಲಭ ಮಾಡಿ ಎಂದರೆ ಬಾಗಿಲು ಕಿತ್ತುಹಾಕಿ ಎಂದಲ್ಲ. ರಿಪೇರಿ ಹುಡುಗ ಬಂದು ‘ಎವೆರಿಒನ್’ ಎಂಬಲ್ಲಿ ಟಿಕ್ ಹೊಡೆದು ಕೈ ತೊಳೆದುಕೊಂಡರೆ ಮನೆ ಧರ್ಮಛತ್ರವಾಗುತ್ತದೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ವಿಂಡೋಸಿನ ಫೈಲ್ ಹಂಚಿಕೆಯ ಹಳೇ ಪದ್ಧತಿಯ ದೋಷ ಹಿಡಿದೇ ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಆ ದೋಷಕ್ಕೆ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಕೆಟ್ಟರು. ಆದ್ದರಿಂದ ಹಳೇ ಪದ್ಧತಿ ಬಂದ್ ಆಗಬೇಕು, ಅಪ್‌ಡೇಟ್ ತಪ್ಪಬಾರದು. ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಅದರ ನಕಲು ಬೇರೆ ಕಡೆ, ವೈರಿನ ಸಂಪರ್ಕ ಇಲ್ಲದಂತೆ ಇರಲೇಬೇಕು.

ಇಷ್ಟು ಸರಳವಿದ್ದರೂ ಯಾಕೆ ಆಗುವುದಿಲ್ಲ? ಫೈಲು ನನ್ನ ಹತ್ತಿರ ಇದ್ದರೆ ನನಗೆ ಬೆಲೆ ಎಂಬ ಹಳೇ ಚಾಳಿ ಒಂದು. ಇನ್ನೊಂದು, ‘ನಮಗ್ಯಾಕೆ ಬೇಕು’ ಎಂಬ ಮೇಲಿನವರ ಉದಾಸೀನ. ಹಾಗೆಂದು ಎಲ್ಲ ತಪ್ಪನ್ನೂ ಗುಮಾಸ್ತರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ರಜೆಯ ದಿನ ಫೋನ್ ಬರುತ್ತದೆ, ಪಾಸ್‌ವರ್ಡ್ ಹೇಳಲೇಬೇಕಾಗುತ್ತದೆ. ಹೇಳಿದ ಮೇಲೆ ಅದು ಹತ್ತು ಬಾಯಿಗೆ ಬೀಳುತ್ತದೆ. ನಾಳೆ ಪಟ್ಟಿಯಲ್ಲಿ ಒಂದು ಸೊನ್ನೆ ಹೆಚ್ಚಾದರೆ ನೋಟಿಸ್ ಬರುವುದು ಯಾರಿಗೆ? ಸೊನ್ನೆ ಹಾಕಿದವರಿಗಲ್ಲ, ಪಾಸ್‌ವರ್ಡ್ ಯಾರದೋ ಅವರಿಗೆ! ಪ್ರತಿಯೊಬ್ಬರಿಗೂ ಸ್ವಂತ ಲಾಗಿನ್ ಇದ್ದರೆ ಜನರಿಗೆ ಕಾಗದ ಸಿಗುತ್ತದೆ, ನೌಕರರಿಗೆ ರಕ್ಷಣೆಯೂ ಸಿಗುತ್ತದೆ.

ಹೊಸ ಕಂಪ್ಯೂಟರ್ ಖರೀದಿ ಎಂದರೆ ಟೆಂಡರ್, ಬಿಲ್ಲು, ಪೂಜೆ, ಫೋಟೋ ಎಲ್ಲಕ್ಕೂ ಪುರುಸೊತ್ತಿದೆ. ಇರುವ ಹನ್ನೆರಡನ್ನು ಒಂದಕ್ಕೊಂದು ಮಾತಾಡಿಸಲು ಇಲ್ಲವೇ? ಮುಖ್ಯಾಧಿಕಾರಿಗಳು ಇತ್ತ ಗಮನ ಹರಿಸಲಿ.

ಸೋಮವಾರ ಬರುತ್ತದೆ. ಆ ಹೆಂಗಸೂ ಬರುತ್ತಾಳೆ. ಲೆಕ್ಕ ಸಿಗುತ್ತದೆಯೇ?